ಕೋವಿಯೊಳಗಿನ ಕೂದಲೆಳೆ ಅಂತರ

ಬೆಳ್ತಂಗಡಿ ತಾಲೂಕಿನ ತೋಟದ ಮನೆಗಳಿಗೆ ಕೋವಿ ಹೊಸತಲ್ಲ. ಉಜಿರೆಯಿಂದ ಮುಂಡಾಜೆ, ಚಾರ್ಮಾಡಿ, ನೆರಿಯ, ದಿಡುಪೆ ಎಂದು ಘಟ್ಟದ ಬುಡದತ್ತ ಸಾಗಿದಂತೆ ಮಂಗ, ಕಾಡುಹಂದಿಗಳ ಕಾಟವೂ ಹೆಚ್ಚುತ್ತದೆ, ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಕೋವಿಗಳೂ ಹೆಚ್ಚುತ್ತವೆ. ಚುನಾವಣೆ ಘೋಷಣೆಯಾದ ಕೂಡಲೇ ಅವನ್ನು ಠಾಣೆಗೆ ಕೊಂಡೊಯ್ದು ಇಡುವುದು, ಮುಗಿದ ಮೇಲೆ ತರುವುದು ಇಲ್ಲಿಯ ಕೃಷಿಕರಿಗೆ ರೂಢಿಯಾದ ಓಡಾಟ. ಪರವಾನಗಿ ಪುಸ್ತಕದಲ್ಲಿ ಎಸ್‌ಬಿಎಂಎಲ್ ಎಂದಿದ್ದರೆ ಅದು ಬಾಯಿಯಿಂದ ಮದ್ದು ತುಂಬುವ ಒಂಟಿನಳಿಗೆಯ ಕೇಪಿನ ಕೋವಿ. ಎಸ್‌ಬಿಬಿಎಲ್, ಡಿಬಿಬಿಎಲ್ ಎಂದಿದ್ದರೆ ಹಿಂದಿನಿಂದ ತೋಟೆ ಹಾಕುವ ಒಂಟಿನಳಿಗೆ ಅಥವಾ ಜೋಡಿನಳಿಗೆಯ ಕೋವಿ.

ಕೇಪಿನ ಕೋವಿ ಬಳಸಿ ಬಲ್ಲ ಹಿರಿಯರಿಗೆ ಒಂದು ವಿಷಯ ಚೆನ್ನಾಗಿ ಗೊತ್ತು. ಒಬ್ಬರ ಕೋವಿಗೆ ಹೊಂದುವ ಈಡು ಇನ್ನೊಬ್ಬರದಕ್ಕೆ ಹೊಂದಬೇಕೆಂದಿಲ್ಲ. ಮದ್ದು ಎಷ್ಟು, ಚರೆ ಎಷ್ಟು, ನಡುವೆ ನಾರನ್ನು ಎಷ್ಟು ಬಿಗಿಯಾಗಿ ಜಡಿಯಬೇಕು ಎಂಬುದನ್ನು ಆ ನಳಿಗೆಯೇ ತೀರ್ಮಾನಿಸುತ್ತದೆ. ಜಗತ್ತಿನ ಅತ್ಯಂತ ನಿಖರವಾದ ಗುರಿಕಾರರು ತಮ್ಮ ತೋಟೆಗಳನ್ನು ತಾವೇ ಕಟ್ಟಿಕೊಳ್ಳುವಾಗ ಅನುಸರಿಸುವುದೂ ಇದೇ ತಿಳಿವಳಿಕೆಯನ್ನು. ವ್ಯತ್ಯಾಸವೆಂದರೆ ಅವರು ಹಿಡಿಯ ಅಂದಾಜಿನಲ್ಲಿ ಅಳೆಯುವುದಿಲ್ಲ, ಇಂಚಿನ ಸಾವಿರದ ಒಂದು ಭಾಗದಲ್ಲಿ ಅಳೆಯುತ್ತಾರೆ. ಅವರ ಕುಸುರಿಯ ಒಂದೇ ಒಂದು ಎಳೆಯನ್ನು, ಗುಂಡನ್ನು ತೋಟೆಯೊಳಗೆ ಎಷ್ಟು ಆಳಕ್ಕೆ ಕೂರಿಸಬೇಕು ಎಂಬ ಲೆಕ್ಕವನ್ನು, ಇಲ್ಲಿ ಬಿಡಿಸಿ ನೋಡೋಣ.

ರೈಫಲ್ ತೋಟೆಯಲ್ಲಿ ಇರುವುದು ನಾಲ್ಕೇ ಭಾಗ. ಹಿತ್ತಾಳೆಯ ಕೇಸ್, ಅದರ ಬುಡದಲ್ಲಿ ಕಿಡಿ ಹೊತ್ತಿಸುವ ಪ್ರೈಮರ್, ಒಳಗೆ ಮದ್ದು, ಬಾಯಿಯಲ್ಲಿ ಕಚ್ಚಿಕೊಂಡಿರುವ ಗುಂಡು. ಒಮ್ಮೆ ಹಾರಿಸಿದರೆ ಪ್ರೈಮರ್, ಮದ್ದು, ಗುಂಡು ಮೂರೂ ಮುಗಿದುಹೋಗುತ್ತವೆ, ಹಿತ್ತಾಳೆ ಮಾತ್ರ ಉಳಿಯುತ್ತದೆ. ಅದನ್ನು ತೊಳೆದು, ಅಚ್ಚಿನಲ್ಲಿ ಒತ್ತಿ ಮೊದಲಿನ ಆಕಾರಕ್ಕೆ ತಂದು, ಉಳಿದ ಮೂರನ್ನು ಹೊಸದಾಗಿ ಸೇರಿಸುವುದೇ ಹ್ಯಾಂಡ್‌ಲೋಡಿಂಗ್. ಅಮೆರಿಕ, ಕೆನಡಾ, ಆಸ್ಟ್ರೇಲಿಯಾ, ಯುರೋಪಿನ ಹಲವು ದೇಶಗಳಲ್ಲಿ ಇದು ಹವ್ಯಾಸಿಗಳ ಮನೆಗೆಲಸ. ಮೊದಮೊದಲು ಹೆಚ್ಚಿನವರು ಇದಕ್ಕೆ ಇಳಿಯುವುದು ಹಣ ಉಳಿಸಲು. ಅಲ್ಲೇ ನೆಲೆಯಾಗುವವರು ಮಾತ್ರ ಕಾರ್ಖಾನೆ ಕೊಡಲಾರದ ಒಂದನ್ನು ಕಂಡುಕೊಂಡವರು. ಕಾರ್ಖಾನೆಯ ತೋಟೆ ಆ ಅಳತೆಯ ಎಲ್ಲ ಕೋವಿಗಳಿಗೂ ಹೊಂದಬೇಕು, ತಾನೇ ಕಟ್ಟಿದ ತೋಟೆ ಒಂದೇ ಒಂದು ಕೋವಿಗೆ ಹೊಂದಿದರೆ ಸಾಕು.

ಇನ್ನು ನಳಿಗೆಯ ಒಳಗೆ ಇಣುಕೋಣ. ಹಿಂಭಾಗದಲ್ಲಿ ತೋಟೆ ಕೂರುವ ಗೂಡು ಚೇಂಬರ್. ಅದರ ಮುಂದೆ ಗೆರೆಗಳಿಲ್ಲದ ನುಣುಪಾದ ಒಂದು ತುಂಡು ದಾರಿ, ಅದರ ಹೆಸರು ಫ್ರೀಬೋರ್. ಅಲ್ಲಿಂದ ಮುಂದೆ ನಳಿಗೆಯ ಗೋಡೆಯಲ್ಲಿ ಸುರುಳಿಯಾಗಿ ಸಾಗುವ ಏಣುಗಳೂ ಅವುಗಳ ನಡುವಿನ ತೋಡುಗಳೂ ಆರಂಭವಾಗುತ್ತವೆ. ಏಣುಗಳು ಒಮ್ಮೆಲೇ ಎದ್ದು ನಿಲ್ಲುವುದಿಲ್ಲ, ಇಳಿಜಾರಾಗಿ ಮೆಲ್ಲನೆ ಏರುತ್ತವೆ. ಹಲವು ಸ್ಪರ್ಧಾ ರೈಫಲ್‌ಗಳಲ್ಲಿ ಆ ಇಳಿಜಾರು ಒಂದೂವರೆ ಡಿಗ್ರಿ. ಫ್ರೀಬೋರ್ ಮತ್ತು ಇಳಿಜಾರು ಸೇರಿದ ಜಾಗವನ್ನು ಥ್ರೋಟ್, ಅಂದರೆ ಕೋವಿಯ ಗಂಟಲು ಎನ್ನುತ್ತಾರೆ. ಪ್ರಸಿದ್ಧವಾದ .308 ವಿಂಚೆಸ್ಟರ್ ತೋಟೆಯ ರೈಫಲ್‌ನಲ್ಲಿ ಎದುರುಬದುರು ಏಣುಗಳ ನಡುವೆ 7.62 ಮಿಲಿಮೀಟರ್ ಜಾಗವಿದ್ದರೆ ಗುಂಡಿನ ದಪ್ಪ 7.82 ಮಿಲಿಮೀಟರ್. ಗುಂಡು ದಾರಿಗಿಂತ ದಪ್ಪ. ಹಾಗಾಗಿ ಏಣುಗಳು ಅದರ ತಾಮ್ರದ ಹೊದಿಕೆಯನ್ನು ಕಚ್ಚಿ ತಿರುಗಿಸುತ್ತವೆ. ಬುಗುರಿಯಂತೆ ತಿರುಗುತ್ತ ಹೊರಬಿದ್ದ ಗುಂಡು ಗಾಳಿಯಲ್ಲಿ ಪಲ್ಟಿ ಹೊಡೆಯದೆ ನೆಟ್ಟಗೆ ಸಾಗುತ್ತದೆ.

ತೋಟೆಯನ್ನು ಚೇಂಬರಿನಲ್ಲಿ ಇಟ್ಟು ಹಿಂದಿನ ಅಗುಳಿಯಾದ ಬೋಲ್ಟ್ ಮುಚ್ಚಿದಾಗ ಗುಂಡು ಸಾಮಾನ್ಯವಾಗಿ ಏಣುಗಳನ್ನು ಮುಟ್ಟಿರುವುದಿಲ್ಲ, ನಡುವೆ ಸಣ್ಣ ತೆರಪು ಇರುತ್ತದೆ. ಮದ್ದು ಹೊತ್ತಿದ ಕೂಡಲೇ ಗುಂಡು ಕೇಸಿನ ಬಾಯಿ ಬಿಟ್ಟು ಆ ತೆರಪನ್ನು ದಾಟಿ ಏಣುಗಳಿಗೆ ಬಡಿಯುತ್ತದೆ. ಗುರಿಕಾರರ ಭಾಷೆಯಲ್ಲಿ ಇದಕ್ಕೆ ಜಂಪ್ ಎಂದು ಹೆಸರು. ಗುಂಡನ್ನು ಹೊರಚಾಚಿ ಕೂರಿಸಿ, ಬೋಲ್ಟ್ ಮುಚ್ಚುವಾಗಲೇ ಅದು ಏಣುಗಳಿಗೆ ಒತ್ತಿಕೊಳ್ಳುವಂತೆ ಮಾಡಿದರೆ ಅದು ಜ್ಯಾಮ್. ಸೀಟಿಂಗ್ ಡೆಪ್ತ್ ಎಂಬ ಇಡೀ ವಿದ್ಯೆ ಈ ಜಂಪ್ ಮತ್ತು ಜ್ಯಾಮ್‌ಗಳ ನಡುವೆ ಆ ಕೋವಿ ಮೆಚ್ಚುವ ಜಾಗವನ್ನು ಹುಡುಕುವ ಕೆಲಸ.

ಅಷ್ಟು ಸಣ್ಣ ತೆರಪಿಗೆ ಏಕಿಷ್ಟು ಮಹತ್ವ? ಗುಂಡು ಏಣುಗಳೊಳಗೆ ಹೊಗುವ ಆ ಕ್ಷಣದಲ್ಲಿ ಅದು ನಳಿಗೆಯ ನಡುಗೆರೆಗೆ ಸರಿಯಾಗಿ ನೆಟ್ಟಗಿರಬೇಕು. ಒಂಚೂರು ಓರೆಯಾಗಿ ಹೊಕ್ಕರೆ ಆ ಓರೆ ಅಚ್ಚೊತ್ತಿದ ಹಾಗೆ ಉಳಿದು, ಗುಂಡು ತೂಕ ತಪ್ಪಿದ ಚಕ್ರದಂತೆ ತಿರುಗುತ್ತ ಹೋಗುತ್ತದೆ. ಇನ್ನೊಂದು ಕಾರಣ ಒತ್ತಡ. .308ರ ಚೇಂಬರಿನಲ್ಲಿ ಒತ್ತಡದ ಗರಿಷ್ಠ ಮಿತಿ ಚದರ ಇಂಚಿಗೆ 62,000 ಪೌಂಡ್. ಅದು ಎಷ್ಟು ಬೇಗ, ಯಾವ ಓಟದಲ್ಲಿ ಏರುತ್ತದೆ ಎಂಬುದು ಗುಂಡು ಎಲ್ಲಿಂದ ಹೊರಟಿತು ಎಂಬುದನ್ನೂ ಅವಲಂಬಿಸಿದೆ. ಗುಂಡು ನಳಿಗೆಯಲ್ಲಿರುವುದು ಸೆಕೆಂಡಿನ ಸಾವಿರದ ಒಂದೆರಡು ಭಾಗದಷ್ಟು ಹೊತ್ತು. ಅಷ್ಟರಲ್ಲೇ ನಳಿಗೆ ನಡುಗುತ್ತದೆ, ಆ ನಡುಕದ ಯಾವ ಘಟ್ಟದಲ್ಲಿ ಗುಂಡು ಹೊರಬೀಳುತ್ತದೆ ಎಂಬುದರ ಮೇಲೂ ಗುರಿ ನಿಂತಿದೆ ಎನ್ನುವವರಿದ್ದಾರೆ. ಇವುಗಳಲ್ಲಿ ಯಾವ ಕಾರಣಕ್ಕೆ ಎಷ್ಟು ಪಾಲು ಎಂಬ ವಾದ ಪರಿಣತರಲ್ಲಿ ಇನ್ನೂ ನಡೆದಿದೆ. ಆಳ ಬದಲಾದರೆ ಗುರಿಹಲಗೆಯ ಮೇಲೆ ರಂಧ್ರಗಳ ಗುಂಪೂ ಬದಲಾಗುತ್ತದೆ ಎಂಬುದನ್ನು ಮಾತ್ರ ಎಲ್ಲರೂ ಒಪ್ಪುತ್ತಾರೆ.

ಅಳೆಯಲು ಹೊರಟವರಿಗೆ ಮೊದಲ ತೊಡಕು ಇಲ್ಲಿಯೇ ಎದುರಾಗುತ್ತದೆ. ತೋಟೆಯ ಬುಡದಿಂದ ಗುಂಡಿನ ತುದಿಯವರೆಗೆ ಕ್ಯಾಲಿಪರ್ ಹಿಡಿದರೆ ಸಾಕೆಂದು ತೋರುತ್ತದೆ. 1926ರಲ್ಲಿ ಸ್ಥಾಪನೆಯಾದ ಅಮೆರಿಕದ ಸಾಮಿ ಎಂಬ ಮಾನಕ ಸಂಸ್ಥೆ .308ರ ಗರಿಷ್ಠ ಉದ್ದವನ್ನು 2.810 ಇಂಚು ಎಂದು ಗೊತ್ತುಪಡಿಸಿದೆ. ಅದು ಎಲ್ಲ ಕಾರ್ಖಾನೆಯ ತೋಟೆಗಳೂ ಎಲ್ಲ ಚೇಂಬರುಗಳಲ್ಲಿ ಹಿಡಿಯಲಿ, ಮ್ಯಾಗಜಿನ್‌ನಲ್ಲಿ ಕೂರಲಿ ಎಂಬ ಉದ್ದೇಶದ ಅಳತೆ. ಗುಂಡಿನ ಚೂಪು ತುದಿ ಏಣುಗಳನ್ನು ಮುಟ್ಟುವುದೇ ಇಲ್ಲ. ಸ್ಪರ್ಧೆಯ ಗುಂಡುಗಳ ತುದಿಯಲ್ಲಿ ಸಣ್ಣ ತೂತಿರುತ್ತದೆ, ಅದರ ಅಂಚು ಒಂದೇ ಪೆಟ್ಟಿಗೆಯ ಗುಂಡುಗಳಲ್ಲೂ ಕೆಲವು ಥೌ ಹೆಚ್ಚುಕಡಿಮೆ ಇರುತ್ತದೆ. ಥೌ ಎಂದರೆ ಇಂಚಿನ ಸಾವಿರದ ಒಂದು ಭಾಗ, 0.0254 ಮಿಲಿಮೀಟರ್. ನಮ್ಮ ಲೇತ್ ಕೆಲಸದವರಿಗೆ ಪರಿಚಿತವಾದ ಅಳತೆಯೇ. ತಲೆಗೂದಲಿನ ದಪ್ಪವೇ ಸುಮಾರು ಎರಡರಿಂದ ನಾಲ್ಕು ಥೌ.

ಏಣುಗಳನ್ನು ಮುಟ್ಟುವುದು ಗುಂಡಿನ ಹೆಗಲು. ತುದಿಯಿಂದ ಹಿಂದಕ್ಕೆ ಬಾಗಿ ಬರುವ ವಕ್ರರೇಖೆ, ಅಂದರೆ ಓಜೈವ್, ಪೂರ್ಣ ದಪ್ಪಕ್ಕೆ ಸೇರುವ ತುಸು ಮೊದಲಿನ ಜಾಗ. ಅದಕ್ಕಾಗಿ ಕ್ಯಾಲಿಪರಿನ ದವಡೆಗೆ ಕಂಪ್ಯಾರೇಟರ್ ಎಂಬ ಸಣ್ಣ ಲೋಹದ ತುಂಡನ್ನು ಸಿಕ್ಕಿಸುತ್ತಾರೆ. ಅದರಲ್ಲಿ ಹೆಚ್ಚುಕಡಿಮೆ ಏಣುಗಳ ನಡುವಿನ ಅಗಲದಷ್ಟೇ ಒಂದು ತೂತು. ತುದಿ ತೂತಿನೊಳಗೆ ಇಳಿದು, ಅಂಚು ಗುಂಡಿನ ಹೆಗಲಿಗೆ ತಾಗಿ ನಿಲ್ಲುತ್ತದೆ. ಬುಡದಿಂದ ಹೆಗಲಿನವರೆಗಿನ ಈ ಉದ್ದವೇ ನಂಬಬಹುದಾದ ಅಳತೆ. ಆದರೆ ಇದರಲ್ಲಿ ಒಂದು ಎಚ್ಚರಿಕೆ ಬೇಕು. ಕಂಪ್ಯಾರೇಟರಿನ ತೂತು ಯಾವ ನಳಿಗೆಗೂ ಪೂರಾ ಸಮನಲ್ಲ, ಒಂದು ಕಂಪನಿಯದು ಇನ್ನೊಂದರದಕ್ಕೂ ಸಮನಲ್ಲ. ಹೀಗಾಗಿ ಸಿಕ್ಕಿದ ಸಂಖ್ಯೆ ಆ ಉಪಕರಣ, ಆ ಗುಂಡು, ಆ ಕೋವಿ ಮೂರೂ ಒಟ್ಟಿಗಿದ್ದಾಗ ಮಾತ್ರ ಅರ್ಥವುಳ್ಳದ್ದು.

ಮುಂದಿನ ಹೆಜ್ಜೆ, ಮುಟ್ಟುವ ಬಿಂದುವನ್ನು ಕಂಡುಹಿಡಿಯುವುದು. ಇದಕ್ಕೆ ಮದ್ದೂ ಪ್ರೈಮರೂ ಇಲ್ಲದ ಖಾಲಿ ತೋಟೆಯನ್ನೇ ಬಳಸುತ್ತಾರೆ. ಒಂದು ದಾರಿಯಲ್ಲಿ, ಬುಡಕ್ಕೆ ತಿರುಪಿನ ಗೆರೆ ಕೊರೆದ ಕೇಸನ್ನು ಉದ್ದನೆಯ ಸರಳಿಗೆ ತಿರುಗಿಸಿ ಚೇಂಬರಿಗೆ ತಳ್ಳಿ, ಒಳಗಿನ ಸಣ್ಣ ಕಡ್ಡಿಯಿಂದ ಗುಂಡನ್ನು ಮೆತ್ತಗೆ ಮುಂದೊತ್ತುತ್ತಾರೆ. ಗುಂಡು ಏಣುಗಳಿಗೆ ತಾಗಿ ನಿಂತಾಗ ಕಡ್ಡಿಯನ್ನು ಬಿಗಿದು ಹೊರತೆಗೆದು ಅಳೆಯುತ್ತಾರೆ. ಇನ್ನೊಂದು ದಾರಿ ಇನ್ನೂ ಸೂಕ್ಷ್ಮ. ಬೋಲ್ಟಿನಿಂದ ಫೈರಿಂಗ್ ಪಿನ್, ಸ್ಪ್ರಿಂಗು, ಎಜೆಕ್ಟರ್ ಎಲ್ಲವನ್ನೂ ಬಿಚ್ಚಿಡುತ್ತಾರೆ. ಆಗ ಬೋಲ್ಟಿನ ಹಿಡಿ ತನ್ನ ಭಾರಕ್ಕೆ ತಾನೇ ಕೆಳಗೆ ಬೀಳಬೇಕು. ಗುಂಡು ಹೊರಚಾಚಿದ ಖಾಲಿ ತೋಟೆ ಒಳಗಿದ್ದರೆ ಹಿಡಿ ತಡೆಯುತ್ತದೆ. ಗುಂಡನ್ನು ಒಂದೊಂದೇ ಥೌ ಒಳಗೆ ಕೂರಿಸುತ್ತ, ಮತ್ತೆ ಮತ್ತೆ ಮುಚ್ಚಿ ತೆರೆದು ನೋಡುತ್ತಾರೆ. ತೆರೆಯುವಾಗಿನ ಸಣ್ಣ ಅಂಟಿನ ಅನುಭವ ಪೂರ್ತಿ ಮಾಯವಾದ ಅಳತೆಯೇ ಸ್ಪರ್ಶಬಿಂದು. ಬೆರಳಿನ ಅನುಭವವನ್ನು ಹೀಗೆ ಸಂಖ್ಯೆಯಾಗಿಸುವ ತಾಳ್ಮೆ ನನಗೆ ಈ ಕಸುಬಿನ ಅತ್ಯಂತ ಮೆಚ್ಚಿನ ಭಾಗ.

ಸ್ಪರ್ಶಬಿಂದು 2.220 ಇಂಚು ಎಂದು ಬಂತೆನ್ನಿ. ಇಪ್ಪತ್ತು ಥೌ ಜಂಪ್ ಬೇಕಾದರೆ ತೋಟೆಯನ್ನು 2.200ಕ್ಕೆ ಕಟ್ಟಬೇಕು. ಲೆಕ್ಕ ಅಷ್ಟು ಸರಳ, ಆದರೆ ಇಪ್ಪತ್ತೇ ಏಕೆ ಎಂಬುದಕ್ಕೆ ಉತ್ತರ ಗುರಿಮೈದಾನದಲ್ಲಿ ಮಾತ್ರ ಸಿಗುತ್ತದೆ. ಗುಂಡಿನ ಆಕಾರವೂ ಇಲ್ಲಿ ಮಾತಾಡುತ್ತದೆ. ವಕ್ರರೇಖೆ ಗುಂಡಿನ ಮೈಗೆ ನಯವಾಗಿ ಸೇರಿಕೊಂಡರೆ ಅದು ಟ್ಯಾಂಜೆಂಟ್ ಓಜೈವ್, ಸಣ್ಣ ಕೋನ ಮಾಡಿಕೊಂಡು ಸೇರಿದರೆ ಸೀಕೆಂಟ್. ಟ್ಯಾಂಜೆಂಟ್ ಗುಂಡು ಜಂಪ್ ಎಷ್ಟಿದ್ದರೂ ಹೊಂದಿಕೊಳ್ಳುವ ಸ್ವಭಾವದ್ದು. ಗಾಳಿಯನ್ನು ಚೆನ್ನಾಗಿ ಸೀಳುವ ಸೀಕೆಂಟ್ ಗುಂಡು ಮಾತ್ರ ಹಟಮಾರಿ. ಅಮೆರಿಕದ ಬರ್ಜರ್ ಕಂಪನಿ ತನ್ನ ಉದ್ದನೆಯ ಸೀಕೆಂಟ್ ಗುಂಡುಗಳಿಗಾಗಿ ಸೂಚಿಸಿದ ಪರೀಕ್ಷೆ ಈಗ ಎಲ್ಲೆಡೆ ಬಳಕೆಯಲ್ಲಿದೆ. ಒಮ್ಮೆ ಏಣುಗಳೊಳಗೆ ಹತ್ತು ಥೌ ಒತ್ತುವಂತೆ, ಮತ್ತೆ 40, 80, 120 ಥೌ ಜಂಪ್ ಇರುವಂತೆ, ತಲಾ ಆರು ತೋಟೆ ಕಟ್ಟಿ ಮೂರು ಮೂರು ಗುಂಡಿನ ಗುಂಪು ಹಾರಿಸಿ ನೋಡುವುದು. ನಾಲ್ಕರಲ್ಲಿ ಒಂದು ಕಡೆ ಗುಂಪು ಬಿಗಿಯಾಗಿದ್ದರೆ ಅದರ ಆಚೀಚೆ ಸಣ್ಣ ಹೆಜ್ಜೆಗಳಲ್ಲಿ ಮತ್ತೆ ಹುಡುಕುವುದು. ನಂತರ ಇದೇ ಕಂಪನಿಯಲ್ಲಿ ಬ್ರಯನ್ ಲಿಟ್ಜ್ ರೂಪಿಸಿದ ಹೈಬ್ರಿಡ್ ಗುಂಡಿನಲ್ಲಿ ಮೈಗೆ ಸೇರುವ ಕಡೆ ಟ್ಯಾಂಜೆಂಟ್, ಮುಂದೆ ಸೀಕೆಂಟ್ ಆಕಾರವಿಟ್ಟು ಆ ಹಟವನ್ನು ಬಹುಮಟ್ಟಿಗೆ ಪಳಗಿಸಿದರು.

ಈ ಪರೀಕ್ಷೆಯಲ್ಲಿ ಆತುರಪಡುವವರು ಮೋಸಹೋಗುತ್ತಾರೆ. ಮೂರು ಗುಂಡು ಒಂದೇ ತೂತಿನಲ್ಲಿ ಹೊಕ್ಕಿದ್ದು ಆಳದ ಗುಣವೋ ಅದೃಷ್ಟವೋ ಹೇಳಲಾಗದು. ಅನುಭವಿಗಳು ಇನ್ನೊಂದು ದಿನ, ಇನ್ನಷ್ಟು ಗುಂಡು ಹಾರಿಸಿ ಅದೇ ಫಲ ಬಂದರೆ ಮಾತ್ರ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಅತಿ ಬಿಗಿಯಾದ ಒಂದೇ ಬಿಂದುವಿಗಿಂತ, ಐದಾರು ಥೌ ಆಚೀಚೆಯಾದರೂ ಗುರಿ ಕೆಡದ ಅಗಲವಾದ ನೆಲೆಯನ್ನು ಆರಿಸಿಕೊಳ್ಳುವುದೇ ಅವರ ಜಾಣತನ.

ಅಪಾಯದ ಮಾತನ್ನೂ ಹೇಳಬೇಕು. ಗುಂಡು ಏಣುಗಳಿಗೆ ಒತ್ತಿಕೊಂಡು ಕೂತಾಗ ಓಡಿ ಹೋಗಿ ಕಚ್ಚುವ ಅವಕಾಶವಿಲ್ಲ, ಒತ್ತಡ ಬೇಗ ಏರುತ್ತದೆ. ಜಂಪ್ ಇಟ್ಟು ಗೊತ್ತುಮಾಡಿದ ಮದ್ದನ್ನೇ ಜ್ಯಾಮ್‌ನಲ್ಲಿ ಬಳಸುವುದು ತಪ್ಪು, ಕಡಿಮೆ ಮದ್ದಿನಿಂದ ಹೊಸದಾಗಿ ಶುರುಮಾಡಬೇಕು. ತೀರಾ ಆಳಕ್ಕೆ ಕೂರಿಸಿದರೂ ಕೇಸಿನೊಳಗಿನ ಜಾಗ ಕುಗ್ಗಿ ಒತ್ತಡ ಏರಬಹುದು. ಇನ್ನೊಂದು ಫಜೀತಿ ಬೇರೆ ಇದೆ. ಜ್ಯಾಮ್ ಆದ ತೋಟೆಯನ್ನು ಹಾರಿಸದೆ ಹೊರತೆಗೆಯಲು ಹೋದರೆ ಗುಂಡು ಏಣುಗಳಲ್ಲೇ ಸಿಕ್ಕಿಕೊಂಡು, ಕೇಸ್ ಮಾತ್ರ ಕೈಗೆ ಬಂದು, ಮದ್ದೆಲ್ಲ ಕೋವಿಯ ಯಂತ್ರದೊಳಗೆ ಚೆಲ್ಲಬಹುದು.

ಇಲ್ಲಿಯವರೆಗೆ ಗುಂಡನ್ನು ಚೇಂಬರಿಗೆ ಹೊಂದಿಸಿದ್ದಾಯಿತು. ಕಸ್ಟಮ್ ರೈಫಲ್ ಮಾಡಿಸುವವರು ಇದನ್ನು ತಿರುವಿ ಹಾಕುತ್ತಾರೆ, ಚೇಂಬರನ್ನೇ ಗುಂಡಿಗೆ ಹೊಂದಿಸುತ್ತಾರೆ. ತಾನು ಬಳಸಲಿರುವ ಗುಂಡನ್ನು ಖಾಲಿ ಕೇಸಿನಲ್ಲಿ ಬೇಕಾದ ಆಳಕ್ಕೆ ಕೂರಿಸಿ, ಆ ಮಾದರಿ ತೋಟೆಯನ್ನು ಕೋವಿ ಕಟ್ಟುವವರಿಗೆ ಕೊಡುತ್ತಾರೆ. ಬೇಕಾದ ಆಳ ಎಂದರೆ, ಗುಂಡಿನ ಪೂರ್ಣ ದಪ್ಪದ ಭಾಗ ಕೇಸಿನ ಕತ್ತು ಕೇಸಿನದೇ ಹೆಗಲಿಗೆ ಸೇರುವ ಜಾಗದಿಂದ ಕೆಳಗೆ ಇಳಿಯಬಾರದು. ಹಲವು ಸಲ ಹಾರಿಸಿದ ಹಿತ್ತಾಳೆಯಲ್ಲಿ ಅಲ್ಲೇ ಒಳಗಡೆ ಉಂಗುರದಂತೆ ಲೋಹ ದಪ್ಪಗಟ್ಟುತ್ತದೆ, ಅದು ಗುಂಡನ್ನು ಒಂದೊಂದು ತೋಟೆಯಲ್ಲಿ ಒಂದೊಂದು ಬಗೆಯಾಗಿ ಹಿಡಿಯುತ್ತದೆ. ಮಾದರಿ ತೋಟೆ ನೋಡಿಕೊಂಡು ಕುಶಲಕರ್ಮಿ ಲೇತ್‌ನಲ್ಲಿ ನಳಿಗೆ ಕಟ್ಟಿ, ಗಂಟಲಿಗೆಂದೇ ಇರುವ ರೀಮರ್ ಎಂಬ ಕೊರೆಯುವ ಉಪಕರಣವನ್ನು ಎಣ್ಣೆ ಹಾಕುತ್ತ, ಚೂರು ತೆಗೆಯುತ್ತ, ಥೌ ಥೌ ಲೆಕ್ಕದಲ್ಲಿ ಮುಂದೊತ್ತುತ್ತಾನೆ. ಹೆಚ್ಚು ಕೊರೆದರೆ ಲೋಹವನ್ನು ಮರಳಿ ಸೇರಿಸಲಾಗದು. ನಳಿಗೆಯನ್ನೇ ಹಿಂದಿನಿಂದ ಕತ್ತರಿಸಿ ಮತ್ತೆ ಮೊದಲಿನಿಂದ ಶುರುಮಾಡಬೇಕು.

ಇಂಥ ಜೋಡಿಯ ಶ್ರೇಷ್ಠ ಉದಾಹರಣೆ 1970ರ ದಶಕದಲ್ಲಿ ಬಂದ 6 ಎಂಎಂ ಪಿಪಿಸಿ. ಅಚ್ಚು ತಯಾರಿಯಲ್ಲಿ ಪಳಗಿದ ಫೆರಿಸ್ ಪಿಂಡೆಲ್ ಮತ್ತು ವೈದ್ಯ ಲೂಯಿಸ್ ಪಾಲ್ಮಿಸಾನೊ ಸೇರಿ, .220 ರಷ್ಯನ್ ಎಂಬ ತೋಟೆಯ ಕೇಸನ್ನು ತಿದ್ದಿ ಇದನ್ನು ರೂಪಿಸಿದರು. ಮೇಜಿನ ಮೇಲೆ ಕೋವಿಯಿಟ್ಟು ಅತಿ ಸಣ್ಣ ಗುಂಪಿಗಾಗಿ ಸ್ಪರ್ಧಿಸುವ ಬೆಂಚ್‌ರೆಸ್ಟ್ ಕ್ರೀಡೆಯಲ್ಲಿ ಅದು ಇಂದಿಗೂ ಅಗ್ರಸ್ಥಾನದಲ್ಲಿದೆ. ಅಲ್ಲಿಯ ಗುರಿಕಾರರಲ್ಲಿ ಬಹಳಷ್ಟು ಮಂದಿ ಜ್ಯಾಮ್ ಪಕ್ಷದವರು. ಇದಕ್ಕೆ ತದ್ವಿರುದ್ಧವಾಗಿ ಕ್ಯಾಲಿಫೋರ್ನಿಯದ ರಾಯ್ ವೆದರ್‌ಬಿ ತನ್ನ ಮ್ಯಾಗ್ನಂ ರೈಫಲ್‌ಗಳಿಗೆ ಉದ್ದೇಶಪೂರ್ವಕವಾಗಿ ಉದ್ದನೆಯ ಫ್ರೀಬೋರ್ ಇಟ್ಟ. .300 ವೆದರ್‌ಬಿಯಲ್ಲಿ ಅದು ಇಂಚಿನ ಮೂರನೇ ಒಂದು ಭಾಗಕ್ಕಿಂತಲೂ ಹೆಚ್ಚು. ಗುಂಡು ದೂರ ಓಡಿ ಕಚ್ಚುವುದರಿಂದ ಒತ್ತಡ ಹತೋಟಿಯಲ್ಲಿದ್ದು ಹೆಚ್ಚು ಮದ್ದಿಗೆ, ಹೆಚ್ಚು ವೇಗಕ್ಕೆ ಅವಕಾಶವಾಯಿತು.

ಗಂಟಲಿನ ಈ ಕಥೆಯಲ್ಲಿ ಕನ್ನಡದ ಓದುಗರಿಗೆ ಹತ್ತಿರದ ಒಂದು ಹೆಸರು ಬೇಟೆಗಾರ ಜಿಮ್ ಕಾರ್ಬೆಟ್. 1907ರಲ್ಲಿ ಚಂಪಾವತದ ನರಭಕ್ಷಕ ಹೆಣ್ಣುಹುಲಿಯನ್ನು ಕೊಂದದ್ದಕ್ಕಾಗಿ ಅವರಿಗೆ ಬಹುಮಾನವಾಗಿ ಬಂದ ರೈಫಲ್ ಲಂಡನ್ನಿನ ಜಾನ್ ರಿಗ್ಬಿ ಕಂಪನಿಯ .275. ಅದು ಜರ್ಮನಿಯ 7x57 ಮೌಸರ್ ತೋಟೆಯ ಇಂಗ್ಲಿಷ್ ರೂಪ. ಮೌಸರ್ ತೋಟೆ ಮೊದಲು ಹುಟ್ಟಿದ್ದು 173 ಗ್ರೇನ್ ತೂಕದ, ಮೊಂಡು ಮೂತಿಯ ಉದ್ದನೆಯ ಗುಂಡಿಗಾಗಿ, ಅದಕ್ಕೆ ತಕ್ಕಂತೆ ಆ ಕೋವಿಗಳ ಗಂಟಲೂ ಉದ್ದ. ರಿಗ್ಬಿಯವರು ಚೂಪು ಮೂತಿಯ 140 ಗ್ರೇನ್ ಗುಂಡನ್ನು ತಂದರು. ಹಳೆಯ ಉದ್ದ ಗಂಟಲಿನ ಮೌಸರ್‌ನಲ್ಲಿ ಇಂಥ ಹಗುರ ಗುಂಡು ಹಾಕಿದರೆ ಅದು ಏಣುಗಳನ್ನು ತಲುಪಲು ಬಹುದೂರ ಹಾರಬೇಕು. ಕೇಸಿನ ಹೊರಗಿನ ಅಳತೆ ಒಂದೇ ಆದರೂ ಯಾವ ಗುಂಡಿಗಾಗಿ ಗಂಟಲು ಕೊರೆದರು ಎಂಬುದು ನೂರು ವರ್ಷದ ನಂತರವೂ ಗುರಿಯಲ್ಲಿ ಕಾಣಿಸುತ್ತದೆ.

ಈ ಹೊಂದಾಣಿಕೆ ಒಮ್ಮೆ ಮಾಡಿ ಮುಗಿಸುವಂಥದ್ದೂ ಅಲ್ಲ. ನಮ್ಮ ಮನೆಗಳ ಕಡೆಯುವ ಕಲ್ಲೂ ಅದರ ಗುಂಡೂ ಒಂದಕ್ಕೊಂದು ಸವೆದು ಜೊತೆಯಾಗುತ್ತವೆ, ಕೋವಿಯಲ್ಲಿ ಮಾತ್ರ ಸವೆತ ಜೊತೆಯನ್ನು ಬೇರೆ ಮಾಡುತ್ತದೆ. ಪ್ರತಿ ಸಲ ಉರಿಯುವ ಮದ್ದಿನ ಬೆಂಕಿ ಗಂಟಲಿನ ಉಕ್ಕನ್ನು ಬಿರುಕುಬಿಡಿಸಿ ತಿನ್ನುತ್ತದೆ, ಏಣುಗಳ ಆರಂಭ ಮುಂದೆ ಮುಂದೆ ಸರಿಯುತ್ತದೆ. ಕಳೆದ ವರ್ಷದ ಇಪ್ಪತ್ತು ಥೌ ಜಂಪ್ ಈ ವರ್ಷ ಮೂವತ್ತಾಗಿರಬಹುದು. ಕೆಲವರು ಏಣುಗಳ ಬೆನ್ನುಹತ್ತಿ ಗುಂಡನ್ನು ಹೊರಚಾಚುತ್ತ ಹೋಗುತ್ತಾರೆ. ಕೆಲವರು ಗುರಿ ಕೆಡುವವರೆಗೂ ಮುಟ್ಟುವುದಿಲ್ಲ. ಸಣ್ಣ ನಳಿಗೆಗೆ ಹೆಚ್ಚು ಮದ್ದು ಉರಿಸುವ ಸ್ಪರ್ಧಾ ರೈಫಲ್‌ನ ನಳಿಗೆ ಒಂದೆರಡು ಸಾವಿರ ಗುಂಡಿಗೇ ಬದಲಾವಣೆ ಕೇಳುತ್ತದೆ.

ನಮ್ಮ ದೇಶದಲ್ಲಿ ಇದರ ಸ್ಥಾನವೇನು? 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಮದ್ದುಗುಂಡು ತಯಾರಿಗೆ ಪರವಾನಗಿ ಬೇಕು. ಬೆಳೆ ರಕ್ಷಣೆಗೆ ಪಡೆದ ಕೋವಿಯ ಪರವಾನಗಿ ತೋಟೆ ತಯಾರಿಕೆಯ ಪರವಾನಗಿಯಲ್ಲ, ಬೇಟೆಯ ಪರವಾನಗಿಯಂತೂ ಮೊದಲೇ ಅಲ್ಲ. ಹೀಗಿದ್ದರೂ ಕೋವಿಗೆ ತಕ್ಕ ತೋಟೆ ಎಂಬ ಇದೇ ವಿವೇಕ ನಮ್ಮ ಕ್ರೀಡಾಪಟುಗಳಿಗೆ ಇನ್ನೊಂದು ದಾರಿಯಲ್ಲಿ ದಕ್ಕಿದೆ. ಕಾಲೇಜಿನಲ್ಲಿ ಎನ್‌ಸಿಸಿ ಸೇರಿದವರು ಹಾರಿಸಿರುವ ಪಾಯಿಂಟ್ 22 ತೋಟೆಯ ಬುಡದ ಅಂಚಿನಲ್ಲೇ ಕಿಡಿಮದ್ದು ಇರುವುದರಿಂದ ಅದನ್ನು ಮತ್ತೆ ಕಟ್ಟಲಾಗುವುದಿಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದ 50 ಮೀಟರ್ ಸ್ಪರ್ಧೆ ಇದೇ ತೋಟೆಯದು, ಅಲ್ಲಿ ಹತ್ತು ಅಂಕದ ವೃತ್ತದ ಅಗಲ ಕೇವಲ 10.4 ಮಿಲಿಮೀಟರ್. ಆಳವನ್ನು ಬದಲಿಸಲಾಗದು, ಹಾಗಾಗಿ ಈ ಮಟ್ಟದ ಗುರಿಕಾರರು ತೋಟೆಯನ್ನೇ ಆರಿಸುತ್ತಾರೆ. ಬರ್ಮಿಂಗ್‌ಹ್ಯಾಮಿನ ಈಲಿ, ಜರ್ಮನಿಯ ಆರ್‌ಡಬ್ಲ್ಯೂಎಸ್‌ನಂಥ ಕಂಪನಿಗಳ ಪರೀಕ್ಷಾ ಕೇಂದ್ರಗಳಿಗೆ ತಮ್ಮ ರೈಫಲ್ ಕೊಂಡೊಯ್ದು, ಬೇರೆ ಬೇರೆ ಲಾಟ್‌ಗಳಲ್ಲಿ ತಯಾರಾದ ತೋಟೆಗಳನ್ನು ಹಾರಿಸಿ, ಆ ನಳಿಗೆ ಮೆಚ್ಚಿದ ಲಾಟನ್ನೇ ಪೆಟ್ಟಿಗೆಗಟ್ಟಲೆ ಕೊಂಡು ತರುತ್ತಾರೆ. ಹೆಸರು, ಬೆಲೆ, ಕಾರ್ಖಾನೆ ಎಲ್ಲ ಒಂದೇ ಆದರೂ ಒಂದು ಲಾಟ್ ಒಲಿಯುತ್ತದೆ, ಇನ್ನೊಂದು ಒಲಿಯುವುದಿಲ್ಲ.

ಆದ್ದರಿಂದ ಯಾರಾದರೂ ಇಂತಿಷ್ಟು ಥೌ ಜಂಪ್ ಇಡಿ, ಇಂಥದೇ ತೋಟೆ ಕೊಳ್ಳಿ ಎಂದು ಖಚಿತವಾಗಿ ಹೇಳಿದರೆ ಮೂರು ಪ್ರಶ್ನೆ ಕೇಳಿ: ಯಾವ ಕೋವಿಯಲ್ಲಿ, ಯಾವ ಗುಂಡಿಗೆ, ಯಾವ ಉಪಕರಣದಿಂದ ಅಳೆದದ್ದು? ಮೂರಕ್ಕೂ ಉತ್ತರವಿಲ್ಲದ ಸಂಖ್ಯೆಯಿಂದ ಉಪಯೋಗವಿಲ್ಲ. ಗುರಿಯ ಕ್ರೀಡೆಯಲ್ಲಿ ಆಸಕ್ತಿಯಿರುವ ನಮ್ಮೂರ ಮಕ್ಕಳು ಎನ್‌ಸಿಸಿಯಲ್ಲೋ ಮಾನ್ಯತೆ ಪಡೆದ ರೈಫಲ್ ಕ್ಲಬ್ಬಿನಲ್ಲೋ ತರಬೇತುದಾರರ ಕೈಕೆಳಗೆ ಶುರುಮಾಡಲಿ, ಹಾರಿಸಿದ ಪ್ರತಿ ಗುಂಪನ್ನೂ ದಿನಾಂಕ ಹಾಕಿ ಬರೆದಿಡುವ ಅಭ್ಯಾಸವನ್ನು ಮೊದಲ ದಿನದಿಂದಲೇ ಬೆಳೆಸಿಕೊಳ್ಳಲಿ.